ಪುಟ್ಟಿಗೆ, ಪೆಟ್ಟಿಗೆ ಒಡೆಯುವ ಮುನ್ನ

ಸಾಗರ
ಆಷಾಢದ ಕೊನೆಯ ಭಾನುವಾರ

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಹೋದ ಸೋಮವಾರವೇ ಕೈಸೇರಿತು. ಬಿಟ್ಟೂಬಿಡದ ಮಳೆ, ಕರೆಂಟು ಹೋದರೆ ಎರಡು ದಿನ ಸುಳಿವಿಲ್ಲ, ಹಾಗಾಗಿ ಉತ್ತರ ತಡವಾಯಿತು. ನಿನ್ನ ಭಾವ ಅಡಿಕೆಗೆ ಎರಡನೇ ಸಲದ ಕೊಳೆ ಔಷಧಿ ಹೊಡೆಸಲು ಒಂದು ಹೊಳವು ಸಿಕ್ಕೀತೇ ಎಂದು ದಿನಾ ಬೆಳಗ್ಗೆ ಅಂಗಳದಲ್ಲಿ ನಿಂತು ಆಕಾಶ ನೋಡುತ್ತಾರೆ. ಚಿಕ್ಕಮ್ಮ ಮೊನ್ನೆ ಬಂದಿದ್ದರು. ‘ಹುಡುಗಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೋ ಇಲ್ಲವೋ’ ಎಂಬ ಒಂದೇ ಮಾತು ಅವರದು. ಒಂದು ಕಟ್ಟು ಹಲಸಿನ ಹಪ್ಪಳ, ಒಂದು ಭರಣಿ ಅಪ್ಪೆಮಿಡಿ ನಿನಗೆಂದೇ ತೆಗೆದಿಟ್ಟಿದ್ದಾರೆ. ಹೋದ ವರ್ಷದ ಹಾಗೆ ಎಲ್ಲವನ್ನೂ ರೂಮಿನವರಿಗೆ ಹಂಚಿ ನೀನು ಬರೀ ಅನ್ನ ಮೊಸರು ಉಂಡೆ ಎಂದು ಕೇಳಿಬಂದರೆ ನಾನೇ ಅಲ್ಲಿಗೆ ಬರುತ್ತೇನೆ, ನೋಡು.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ದಾನಿಗಳು ಕೊಟ್ಟ ಇಪ್ಪತ್ತು ಟ್ಯಾಬು ಹೆಡ್‌ಮಾಸ್ಟರ ಕೋಣೆಯ ಅಲ್ಮೇರಾದಲ್ಲಿ ಪೆಟ್ಟಿಗೆ ಕೂಡ ಒಡೆಯದೆ ಕೂತಿವೆ. ಅದರಲ್ಲಿ ಕೃತಕ ಬುದ್ಧಿಮತ್ತೆಯ ಮೇಷ್ಟ್ರಿದ್ದಾರೆ, ಮಕ್ಕಳು ಏನು ಕೇಳಿದರೂ ಕನ್ನಡದಲ್ಲೇ ಉತ್ತರ ಬರುತ್ತದೆ. ‘ನೀವು ಚಿಕ್ಕವರು ಮೇಡಮ್, ನಿಮಗೆ ಇದೆಲ್ಲ ಬರುತ್ತೆ’ ಎಂದು ಅದರ ಉಸ್ತುವಾರಿಯನ್ನು ನಿನಗೇ ವಹಿಸಿದ್ದಾರೆ. ಇಷ್ಟನ್ನೆಲ್ಲ ಖುಷಿಯಲ್ಲೇ ಬರೆದಿದ್ದೀಯ. ಆದರೆ ಹಾಳೆಯ ತುದಿಯಲ್ಲಿ, ಸಹಿಗಿಂತ ಕೆಳಗೆ, ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಇತ್ತಲ್ಲ: ‘ಹಾಗಾದರೆ ಇನ್ನು ನನ್ನ ಕೆಲಸ ಏನು ಅಕ್ಕಾ?’ ಆ ಸಾಲು ನನ್ನನ್ನು ಬಿಡಲಿಲ್ಲ. ಕೆಲಸಕ್ಕೆ ಸೇರಿ ಇನ್ನೂ ಎರಡು ವರ್ಷವಾಗಿಲ್ಲ, ಅಷ್ಟರಲ್ಲೇ ಈ ಪ್ರಶ್ನೆ ನಿನ್ನ ಮನಸ್ಸಿಗೆ ಬಂತಲ್ಲ ಎಂದು ಸಂಕಟವಾಯಿತು. ಅದಕ್ಕೇ ಇವತ್ತು ಬೇರೆ ಕೆಲಸ ಬದಿಗಿಟ್ಟು ಕೂತಿದ್ದೇನೆ.

ನೀನು ಬರೆದ ಇನ್ನೊಂದು ವಿಷಯದಿಂದಲೇ ಶುರುಮಾಡುತ್ತೇನೆ. ಪಕ್ಕದ ಪ್ರಾಥಮಿಕ ಶಾಲೆಯ ಮಾಡಿನ ಮೇಲೆ ತುಕ್ಕು ಹಿಡಿದ ಒಂದು ಡಿಶ್ ಇದೆ, ಅದರಲ್ಲಿ ಗುಬ್ಬಿ ಕೂರುತ್ತದೆ ಎಂದಿದ್ದೆ. ಅದು ಏನೆಂದು ನಿನಗೆ ಯಾರೂ ಹೇಳಿಲ್ಲವೇ? 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಎಜುಸ್ಯಾಟ್ ಹಾರಿತು. ಪಾಠ ಹೇಳುವುದಕ್ಕೆಂದೇ ನಮ್ಮ ದೇಶ ಕಳಿಸಿದ ಮೊದಲ ಉಪಗ್ರಹ ಅದು. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಅದರ ಪಾಠ ಮುಟ್ಟಿಸುವ ಪ್ರಯೋಗಕ್ಕೆ ಆರಿಸಿಕೊಂಡದ್ದು ಈಗ ನೀನಿರುವ ಚಾಮರಾಜನಗರ ಜಿಲ್ಲೆಯನ್ನೇ. 800ಕ್ಕೂ ಹೆಚ್ಚು ಶಾಲೆಗಳ ಮೇಲೆ ಆ ಡಿಶ್‌ಗಳು ಕೂತವು. ನಾನಾಗ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ತರಬೇತಿಗೆ ಹೋದಲ್ಲೆಲ್ಲ ಅದೇ ಮಾತು. ಊರೂರಿಗೆ ಒಳ್ಳೆಯ ಪಾಠ ಆಕಾಶದಿಂದ ಇಳಿದು ಬರುತ್ತದೆ ಎಂದು ನಾವು ನಂಬಿದ್ದೆವು. ನಂಬಿದ್ದು ತಪ್ಪೇನಲ್ಲ, ಪಾಠಗಳು ಚೆನ್ನಾಗಿಯೇ ಇದ್ದವು. ಆದರೆ ಆ ಶಾಲೆಗಳ ಡಿಶ್ ಪಾಠವನ್ನು ಕೆಳಗಿಳಿಸುತ್ತಿತ್ತು, ಅಷ್ಟೇ. ಕೆಳಗೆ ಕೂತ ಮಗುವಿನ ಪ್ರಶ್ನೆ ಮೇಲೆ ಹೋಗಲು ದಾರಿ ಇರಲಿಲ್ಲ. 2010ರಲ್ಲಿ ಉಪಗ್ರಹದ ಆಯುಷ್ಯ ಮುಗಿಯಿತು.

ಈಗ ಬಂದಿರುವುದು ಬೇರೆ ಜಾತಿಯದು, ಅದನ್ನು ಒಪ್ಪಿಕೊಳ್ಳಲೇಬೇಕು. ಇದು ಕೇಳಿಸಿಕೊಳ್ಳುತ್ತದೆ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಜನರ ಕೈಗೆ ಬಂತು. ಮುಂದಿನ ಮಾರ್ಚ್‌ನಲ್ಲೇ ಖಾನ್ ಅಕಾಡೆಮಿಯವರು ‘ಖಾನ್‌ಮಿಗೊ’ ಎಂಬ ಪಾಠದ ಜೊತೆಗಾರನನ್ನು ತಂದರು. ಅದು ಲೆಕ್ಕದ ಉತ್ತರವನ್ನು ಸೀದಾ ಹೇಳುವುದಿಲ್ಲ, ‘ಮುಂದಿನ ಹೆಜ್ಜೆ ಏನಿರಬಹುದು?’ ಎಂದು ತಿರುಗಿ ಕೇಳುತ್ತದೆ. 2025ರ ಜುಲೈನಲ್ಲಿ ಚಾಟ್‌ಜಿಪಿಟಿಯಲ್ಲೂ ಅಂಥದ್ದೇ ಒಂದು ಕಲಿಕೆಯ ವಿಧಾನ ಬಂತು. ಆಗಸ್ಟ್‌ನಲ್ಲಿ ಗೂಗಲ್‌ನವರೂ ತಂದರು. ತರಗತಿಯಲ್ಲಿ ಬಾಯಿ ಬಿಡದ ಮಗು ಇಂಥದ್ದರ ಮುಂದೆ ಹತ್ತು ಸಲ ಅದೇ ಪ್ರಶ್ನೆ ಕೇಳಬಹುದು. ಯಾರೂ ನಗುವುದಿಲ್ಲ, ಯಾರೂ ಗದರುವುದಿಲ್ಲ. ನೀನೇ ಆರನೇ ತರಗತಿಯಲ್ಲಿ ಭಿನ್ನರಾಶಿ ತಿಳಿಯದೆ ಇಡೀ ತಿಂಗಳು ತಲೆಯಾಡಿಸಿಕೊಂಡು ಕೂತಿದ್ದೆ, ಬೇಸಿಗೆ ರಜೆಯಲ್ಲಿ ನಮ್ಮ ಮನೆ ಜಗುಲಿಯಲ್ಲಿ ಅಳುತ್ತಾ ಹೇಳಿದ್ದೆಯಲ್ಲ. ಆಗ ಹೀಗೊಂದು ಇದ್ದಿದ್ದರೆ ಆ ತಿಂಗಳು ನಿನಗೆ ಅಷ್ಟು ಭಾರವಾಗುತ್ತಿರಲಿಲ್ಲ. (ಗೈಡು ನೋಡಿ ಉತ್ತರ ಇಳಿಸಿಕೊಂಡು ಅದನ್ನು ಲಂಗದ ಜೇಬಿನಲ್ಲಿ ಮುಚ್ಚಿಡುತ್ತಿದ್ದದ್ದೂ ನನಗೆ ಗೊತ್ತು. ಇಷ್ಟು ವರ್ಷ ಯಾರಿಗೂ ಹೇಳಿಲ್ಲ.)

ಆದರೆ ಒಬ್ಬೊಬ್ಬ ಮಗುವಿಗೆ ಅದರದೇ ನಡಿಗೆಯಲ್ಲಿ ಕಲಿಸುವುದು ಯಂತ್ರ ಬಂದ ಮೇಲೆ ಹುಟ್ಟಿದ ವಿಚಾರ ಎಂದು ಯಾರಾದರೂ ನಿನಗೆ ಹೇಳಿದರೆ ಸುಮ್ಮನಿರಬೇಡ. ಅಮೆರಿಕದ ಬೆಂಜಮಿನ್ ಬ್ಲೂಮ್ 1984ರಲ್ಲೇ ಒಂದು ಪ್ರಸಿದ್ಧ ಲೇಖನ ಬರೆದರು. ಒಬ್ಬರಿಗೆ ಒಬ್ಬರು ಕೂತು ಹೇಳಿಕೊಟ್ಟರೆ ಸಾಧಾರಣ ಮಗುವೂ ತರಗತಿಯಲ್ಲಿ ಕಲಿತ ನೂರರಲ್ಲಿ 98 ಮಕ್ಕಳಿಗಿಂತ ಮುಂದಿರುತ್ತದೆ, ಈ ಲಾಭವನ್ನು ಎಲ್ಲ ಮಕ್ಕಳಿಗೂ ಕಡಿಮೆ ಖರ್ಚಿನಲ್ಲಿ ಮುಟ್ಟಿಸುವುದು ಹೇಗೆ ಎಂಬುದೇ ಅವರ ಪ್ರಶ್ನೆ. ಆಮೇಲಿನ ಅಧ್ಯಯನಗಳಲ್ಲಿ ಲಾಭ ಅಷ್ಟು ದೊಡ್ಡದಾಗಿ ಕಾಣಲಿಲ್ಲ, ಆದರೂ ಇವತ್ತಿನ ಕಂಪನಿಗಳೆಲ್ಲ ಬ್ಲೂಮ್ ಹೆಸರು ಹೇಳಿಯೇ ಮಾತು ಶುರುಮಾಡುತ್ತವೆ.

ನನಗೆ ಮಾತ್ರ ನೆನಪಾಗುವುದು ನಲಿಕಲಿ. ನೀನಿರುವ ಊರಿನಿಂದ ಎಚ್.ಡಿ. ಕೋಟೆ ಎಷ್ಟು ದೂರ, ಹೇಳು? 1995ರಲ್ಲಿ ಅಲ್ಲಿಯ ಸರ್ಕಾರಿ ಶಾಲೆಗಳ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿಯ ಹಳ್ಳಿ ಶಾಲೆಗಳಲ್ಲಿ ಮಕ್ಕಳು ಕಲಿಯುವ ರೀತಿ ನೋಡಿ ಬಂದರು. ಬಂದವರು ತಾವೇ ಕೂತು ಪಠ್ಯವನ್ನು ಬಿಡಿಸಿ ಕಾರ್ಡು ಮಾಡಿದರು, ಗೋಡೆಗೆ ಕಲಿಕಾ ಏಣಿ ಅಂಟಿಸಿದರು. ಮಗು ಬಂದು ಏಣಿಯಲ್ಲಿ ತಾನು ನಿಂತ ಮೆಟ್ಟಿಲು ನೋಡುತ್ತದೆ, ತನ್ನ ಕಾರ್ಡು ತೆಗೆದುಕೊಳ್ಳುತ್ತದೆ, ತನ್ನ ಗುಂಪಿನಲ್ಲಿ ಕೂರುತ್ತದೆ. ಅಮ್ಮನಿಗೆ ಜ್ವರ ಬಂದು ಹದಿನೈದು ದಿನ ಶಾಲೆ ತಪ್ಪಿಸಿದ ಹುಡುಗಿ ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದು. 2009-10ರ ಹೊತ್ತಿಗೆ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಒಂದು, ಎರಡನೇ ತರಗತಿಗೆಲ್ಲ ಬಂತು. ಕೆಲವು ಕಡೆ ಚೆನ್ನಾಗಿ ನಡೆಯಿತು, ಕೆಲವು ಕಡೆ ಕಾರ್ಡುಗಳು ಟ್ರಂಕಿನಲ್ಲೇ ಉಳಿದವು. ಚೆನ್ನಾಗಿ ನಡೆದ ಶಾಲೆಗಳನ್ನು ನಾನು ನೋಡಿದ್ದೇನೆ ಪುಟ್ಟಿ. ಟೀಚರು ಮಕ್ಕಳ ಜೊತೆ ನೆಲದ ಮೇಲೆ ಕೂತಿರುತ್ತಿದ್ದರು. ಯಾರ ಕೈ ಯಾವ ಕಾರ್ಡಿನ ಮೇಲೆ ಎಷ್ಟು ಹೊತ್ತು ನಿಂತಿದೆ ಎಂದು ಅವರ ಕಣ್ಣಿಗೆ ಗೊತ್ತಾಗುತ್ತಿತ್ತು. ಏಣಿ ಕೆಲಸ ಮಾಡಿದ್ದು ಆ ಕಣ್ಣು ಇದ್ದ ಕಡೆ.

ಈಗ ನಮ್ಮ ಮನೆಯ ಸುದ್ದಿ. ನಿನ್ನ ಮುದ್ದಿನ ಮಗುವಂತಿರುವ ನನ್ನ ಮಗಳು ಒಂಬತ್ತನೇ ತರಗತಿಗೆ ಬಂದಳಲ್ಲ. ಜೂನ್‌ನಲ್ಲಿ ಅವಳ ಗಣಿತದ ನೋಟ್‌ಬುಕ್ ನೋಡಿ ನನಗೆ ಹೆಮ್ಮೆಯಾಯಿತು. ಬಹುಪದೋಕ್ತಿಯ ಲೆಕ್ಕಗಳೆಲ್ಲ ಸರಿ, ಹೆಜ್ಜೆ ಹೆಜ್ಜೆಯಾಗಿ ಮುತ್ತು ಪೋಣಿಸಿದ ಹಾಗೆ. ಕಿರುಪರೀಕ್ಷೆಯ ದಿನ ಸಂಜೆ ಬಂದವಳು ಊಟ ಬೇಡ ಎಂದು ಮಲಗಿದಳು. ರಾತ್ರಿ ಹತ್ತಿರ ಕೂತು ತಲೆ ಸವರಿದಾಗ ಹೇಳಿದಳು: ‘ಎಲ್ಲ ಗೊತ್ತಿತ್ತು ಅಮ್ಮಾ, ಪೇಪರ್ ನೋಡಿದಾಗ ಎಲ್ಲಿಂದ ಶುರುಮಾಡೋದು ಅಂತಲೇ ತಿಳೀಲಿಲ್ಲ.’ ಫೋನಿನಲ್ಲಿ ಲೆಕ್ಕದ ಫೋಟೊ ತೆಗೆದರೆ ಬಿಡಿಸಿದ ಲೆಕ್ಕ ಬರುತ್ತಿತ್ತು. ಅವಳು ಕದ್ದಿರಲಿಲ್ಲ, ಓದಿ ಅರ್ಥ ಮಾಡಿಕೊಂಡೇ ಬರೆಯುತ್ತಿದ್ದಳು. ಬೇರೆಯವರು ನಡೆದ ದಾರಿಯನ್ನು ನೋಡಿ ಅರ್ಥವಾಯಿತು ಎನ್ನಿಸುವುದೇ ಬೇರೆ, ಕತ್ತಲಲ್ಲಿ ಮೊದಲ ಹೆಜ್ಜೆ ತಾನೇ ಇಡುವುದೇ ಬೇರೆ. ನಮ್ಮ ಅಜ್ಜಿ ಹೇಳುತ್ತಿದ್ದರಲ್ಲ, ಹೇಳಿಕೊಟ್ಟ ಮಾತು, ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ ಬಂದೀತು ಅಂತ. ಆ ರಾತ್ರಿ ಅದು ತುಂಬ ನೆನಪಾಯಿತು.

ಇದು ನನ್ನ ಮಗಳೊಬ್ಬಳ ಕಥೆ ಎಂದುಕೊಂಡಿದ್ದೆ. ಆಮೇಲೆ ಟರ್ಕಿಯ ಒಂದು ಅಧ್ಯಯನದ ಬಗ್ಗೆ ಓದಿದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿಯ ಒಂದು ಪ್ರೌಢಶಾಲೆಯಲ್ಲಿ ಸುಮಾರು 1000 ಮಕ್ಕಳ ಜೊತೆ ಮಾಡಿದ್ದು, 2025ರಲ್ಲಿ ಪ್ರಕಟವಾಯಿತು. ಒಂಬತ್ತರಿಂದ ಹನ್ನೊಂದನೇ ತರಗತಿ, ವಿಷಯ ಗಣಿತ. ಒಂದು ಗುಂಪಿಗೆ ಪುಸ್ತಕ, ನೋಟ್ಸು ಮಾತ್ರ. ಇನ್ನೊಂದಕ್ಕೆ ಕೇಳಿದ್ದನ್ನೆಲ್ಲ ಹೇಳುವ ಸಾಧಾರಣ ಚಾಟ್‌ಬಾಟ್. ಮೂರನೆಯದಕ್ಕೆ ಶಿಕ್ಷಕರ ಸಲಹೆ ಸೇರಿಸಿ ತಯಾರಿಸಿದ, ಉತ್ತರ ಕೊಡದೆ ಸುಳಿವು ಮಾತ್ರ ಕೊಡುವ ಚಾಟ್‌ಬಾಟ್. ಅಭ್ಯಾಸ ಮಾಡುವಾಗ ಸಾಧಾರಣ ಚಾಟ್‌ಬಾಟ್ ಇದ್ದವರು ಶೇ 48ರಷ್ಟು, ಸುಳಿವಿನದು ಇದ್ದವರು ಶೇ 127ರಷ್ಟು ಹೆಚ್ಚು ಚೆನ್ನಾಗಿ ಮಾಡಿದರು. ಆಮೇಲೆ ಎಲ್ಲವನ್ನೂ ತೆಗೆದಿಟ್ಟು ಪರೀಕ್ಷೆ ಕೊಟ್ಟರು. ಸಾಧಾರಣ ಚಾಟ್‌ಬಾಟ್ ನೆಚ್ಚಿದ ಮಕ್ಕಳು, ಅದನ್ನು ಮುಟ್ಟಿಯೇ ನೋಡದ ಮಕ್ಕಳಿಗಿಂತ ಶೇ 17ರಷ್ಟು ಹಿಂದೆ ಬಿದ್ದರು. ಸುಳಿವು ಪಡೆದವರಿಗೆ ಆ ನಷ್ಟ ಬಹುಮಟ್ಟಿಗೆ ಆಗಲಿಲ್ಲ. ಆ ಸಾಧಾರಣ ಚಾಟ್‌ಬಾಟ್ ಸುಮಾರು ಅರ್ಧದಷ್ಟು ಸಲ ಉತ್ತರವನ್ನೂ ತಪ್ಪೇ ಹೇಳುತ್ತಿತ್ತು. ನನಗೆ ಎದೆ ಹಿಂಡಿದ್ದು ಇನ್ನೊಂದು ಸಂಗತಿ: ಹಿಂದೆ ಬಿದ್ದ ಮಕ್ಕಳಿಗೆ ತಾವು ಕಡಿಮೆ ಕಲಿತಿದ್ದೇವೆ ಎಂಬ ಅರಿವೇ ಇರಲಿಲ್ಲ. ನನ್ನ ಮಗಳ ‘ಎಲ್ಲ ಗೊತ್ತಿತ್ತು ಅಮ್ಮಾ’ ಕಿವಿಯಲ್ಲಿ ಮತ್ತೆ ಕೇಳಿಸಿತು.

ಹೆದರಿಸಲು ಇದನ್ನು ಬರೆಯುತ್ತಿಲ್ಲ. ನೈಜೀರಿಯಾದ ಬೆನಿನ್ ಸಿಟಿಯಿಂದ ಒಳ್ಳೆಯ ಸುದ್ದಿಯೂ ಇದೆ. ಅಲ್ಲಿ 2024ರಲ್ಲಿ ವಿಶ್ವಬ್ಯಾಂಕ್ ನೆರವಿನಲ್ಲಿ ಶಾಲೆ ಬಿಟ್ಟ ಮೇಲೆ ಆರು ವಾರ ಮಕ್ಕಳು ಇಂಥದೇ ಯಂತ್ರದೊಂದಿಗೆ ಇಂಗ್ಲಿಷ್ ಕಲಿತರು, ಕಲಿಕೆ ಗಟ್ಟಿಯಾಗಿಯೇ ಏರಿತು. ಅಲ್ಲಿ ಮಕ್ಕಳ ಪಕ್ಕದಲ್ಲಿ ಶಿಕ್ಷಕರಿದ್ದರು, ಏನು ಕೇಳಬೇಕು, ಹೇಗೆ ಕೇಳಬೇಕು ಎಂದು ದಾರಿ ತೋರಿಸುತ್ತಿದ್ದರು. ಅದೇ ಸಾಮಾನು, ಪುಟ್ಟಿ. ಪಕ್ಕದಲ್ಲಿ ಯಾರಿದ್ದಾರೆ ಎಂಬುದರ ಮೇಲೆ ಫಲ ಬೇರೆಯಾಗುತ್ತದೆ.

ನಿನ್ನ ಪ್ರಶ್ನೆಗೆ ನನ್ನ ಬಳಿ ಇರುವ ಉತ್ತರ ಒಂದು ಹಳೆಯ ಘಟನೆ. ಹನ್ನೆರಡು ವರ್ಷದ ಹಿಂದೆ ಎಂಟನೇ ತರಗತಿಯಲ್ಲಿ ಒಬ್ಬ ಹುಡುಗ 1/2 + 1/3 = 2/5 ಎಂದು ಬರೆದ. ತಪ್ಪು. ಕೆಂಪು ಶಾಯಿಯಲ್ಲಿ ಗೀಟು ಎಳೆದು 5/6 ಎಂದು ಬರೆಯಲು ಪೆನ್ನು ಎತ್ತಿದವಳು, ಯಾಕೋ, ‘ಇದು ಹೇಗೆ ಬಂತೋ?’ ಎಂದು ಕೇಳಿದೆ. ಅವನು ಹೇಳಿದ: ‘ಎರಡು ಮ್ಯಾಚಲ್ಲಿ ಒಂದು ಗೆದ್ವಿ ಮಿಸ್, ಆಮೇಲೆ ಮೂರರಲ್ಲಿ ಒಂದು ಗೆದ್ವಿ. ಒಟ್ಟು ಐದರಲ್ಲಿ ಎರಡು.’ ನಾನು ಪೆನ್ನು ಕೆಳಗಿಟ್ಟೆ. ಅವನ ಲೆಕ್ಕ ಅವನ ಮೈದಾನದಲ್ಲಿ ಸರಿಯಾಗಿಯೇ ಇತ್ತು. ಅವನಿಗೆ ತಿಳಿಯದೇ ಇದ್ದದ್ದು ಒಂದೇ: ಭಿನ್ನರಾಶಿ ಕೂಡುವಾಗ ಎರಡೂ ಒಂದೇ ರೊಟ್ಟಿಯ ತುಂಡುಗಳಾಗಿರಬೇಕು. ಅರ್ಧ ರೊಟ್ಟಿಗೆ ಇನ್ನಷ್ಟು ರೊಟ್ಟಿ ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಹೇಗಾದೀತು ಎಂದು ಕೇಳಿದೆ. ಅವನ ಹುಬ್ಬು ಗಂಟಾಯಿತು, ನಿಧಾನಕ್ಕೆ ಬಿಚ್ಚಿತು. ಆ ಮುಖ ನನಗೆ ಇವತ್ತೂ ಕಣ್ಣೆದುರಿಗಿದೆ. ಅವನಿಗೆ ಸರಿ ಉತ್ತರ ಸಿಕ್ಕಿದ್ದರೆ ಇಳಿಸಿಕೊಂಡು ಹೋಗುತ್ತಿದ್ದ, ಒಳಗಿನ ಕ್ರಿಕೆಟ್ ಲೆಕ್ಕ ಹಾಗೇ ಉಳಿಯುತ್ತಿತ್ತು. ಯಂತ್ರವೂ ‘ಹೇಗೆ ಬಂತು’ ಎಂದು ಕೇಳಬಹುದು, ಈಗ ಕೇಳುತ್ತದೆ ಕೂಡ. ಆದರೆ ತನ್ನ ತಪ್ಪನ್ನು ಮಗು ತೆರೆದು ತೋರಿಸುವುದು ತಾನು ನಂಬಿದವರ ಮುಂದೆ. ನಿನ್ನ ಕೆಲಸ ಅದು. ಆ ನಂಬಿಕೆ ಗಳಿಸುವುದು, ಆ ತಪ್ಪಿನ ಹತ್ತಿರ ಕೂರುವುದು.

ಇನ್ನು ಆ ಟ್ಯಾಬಿನ ಕನ್ನಡದ ಬಗ್ಗೆ. ಮದ್ರಾಸ್ ಐಐಟಿಯ ಎಐ4ಭಾರತ್ ತಂಡದವರು, ಕೇಂದ್ರ ಸರ್ಕಾರದ ಭಾಷಿಣಿಯವರು 22 ಭಾಷೆಗಳಿಗಾಗಿ ದುಡಿದಿದ್ದಾರೆ. ಐದು ವರ್ಷದ ಹಿಂದೆ ಕನಸಾಗಿದ್ದದ್ದು ಈಗ ಫೋನಿನಲ್ಲಿ ನಡೆಯುತ್ತಿದೆ, ಸಂತೋಷ. ಆದರೂ ನೀನು ನಿನ್ನ ಕಿವಿಯಿಂದ ಕೇಳಿ ನೋಡು. ಈ ಯಂತ್ರಗಳು ಪದವನ್ನು ತುಂಡು ಮಾಡಿ ಓದುತ್ತವೆ. ಇಂಗ್ಲಿಷಿನ ಸಾಮಾನ್ಯ ಪದ ಬಹಳ ಸಲ ಒಂದೇ ತುಂಡು, ನಮ್ಮ ‘ಹೋಗಬೇಕಾಗಿತ್ತು’ ಹಲವು ಚೂರು. ಕಲಿಯಲು ಅವಕ್ಕೆ ಸಿಕ್ಕ ಕನ್ನಡದ ಬರಹವೂ ಇಂಗ್ಲಿಷಿಗೆ ಹೋಲಿಸಿದರೆ ತೀರಾ ಕಡಿಮೆ. ನಿನ್ನ ಮಕ್ಕಳು ‘ಬರ್ನಿಲ್ಲ ಮಿಸ್’ ಎಂದರೆ ಅದಕ್ಕೆ ತಿಳಿಯುತ್ತದೆಯೇ? ಬಿಳಿಗಿರಿರಂಗನ ಬೆಟ್ಟದ ಕಡೆಯ ಸೋಲಿಗರ ಮಕ್ಕಳಿದ್ದಾರೆ ಎಂದಿದ್ದೆ. ಅವರು ಮನೆಯಲ್ಲಾಡುವ ನುಡಿಯಲ್ಲಿ ಕೇಳಿದರೆ ಏನನ್ನುತ್ತದೆ? ‘ಸರಿಯಾಗಿ ಮಾತಾಡು’ ಎಂದು ಆ ಮಕ್ಕಳಿಗೆ ಈಗಾಗಲೇ ಬೇಕಾದಷ್ಟು ಜನ ಹೇಳಿದ್ದಾರೆ. ಟ್ಯಾಬು ಕೂಡ ಅದನ್ನೇ ಹೇಳಬಾರದು. ಗಣಿತದ ಪದಗಳನ್ನೂ ನೋಡಿಕೋ. ನಮ್ಮ ಪುಸ್ತಕದಲ್ಲಿ ಛೇದ, ಅಂಶ ಎಂದಿದ್ದರೆ ಅದು ಬೇರೇನೋ ಪದ ಹೇಳಿ ಮಕ್ಕಳ ತಲೆ ಕೆಡಿಸಬಾರದು.

ಹೆಡ್‌ಮಾಸ್ಟರು ‘ಮಕ್ಕಳು ನಕಲು ಮಾಡಿದರೆ ಹಿಡಿಯುವ ಸಾಫ್ಟ್‌ವೇರ್ ಇದೆಯಂತೆ’ ಎಂದರು ಅಂತ ಬರೆದಿದ್ದೆ. ಬೇಡವೇ ಬೇಡ. ಚಾಟ್‌ಜಿಪಿಟಿ ಮಾಡಿದ ಕಂಪನಿಯೇ ಅಂಥದ್ದೊಂದನ್ನು ಹೊರತಂದು, ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನವರು ಪರೀಕ್ಷಿಸಿದಾಗ, ಇಂಗ್ಲಿಷ್ ಮಾತೃಭಾಷೆಯಲ್ಲದವರು ಸ್ವಂತವಾಗಿ ಬರೆದ ಪ್ರಬಂಧಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಇಂಥ ಸಾಫ್ಟ್‌ವೇರ್‌ಗಳು ಯಂತ್ರ ಬರೆದದ್ದು ಎಂದವು. ಕಷ್ಟಪಟ್ಟು ನಾಲ್ಕು ಸಾಲು ಇಂಗ್ಲಿಷ್ ಬರೆದ ಮಗುವಿನ ಮೇಲೆ ಅಂಥ ಕಳಂಕ ಹೊರಿಸಿದರೆ ಅದು ಮತ್ತೆ ಪೆನ್ನು ಹಿಡಿಯುವುದಿಲ್ಲ. ಅನುಮಾನ ಬಂದರೆ ಹತ್ತಿರ ಕರೆದು ಕೇಳು, ಬಾಯಲ್ಲಿ ಹೇಳಲಿ. ಇನ್ನೊಂದು: ಆ ಆ್ಯಪು ಮಕ್ಕಳ ಹೆಸರು, ಫೋಟೊ, ಮನೆಯ ಫೋನ್ ನಂಬರ್ ಕೇಳುತ್ತದೆಯೇ ನೋಡು. 2023ರ ದತ್ತಾಂಶ ರಕ್ಷಣೆ ಕಾಯ್ದೆಯಲ್ಲಿ 18 ತುಂಬದವರ ಮಾಹಿತಿಗೆ ತಂದೆತಾಯಿಯ ಒಪ್ಪಿಗೆ ಬೇಕು. ಯುನೆಸ್ಕೊ ಇಂಥ ಚಾಟ್‌ಬಾಟ್‌ಗೆ 13 ವರ್ಷದ ಕನಿಷ್ಠ ವಯಸ್ಸು ಸೂಚಿಸಿದೆ, ನಿನ್ನ ಎಂಟನೇ ತರಗತಿಯಲ್ಲಿ 13 ತುಂಬದವರೂ ಇರಬಹುದು. ದಾನಿಗಳು ಬೇಸರ ಮಾಡಿಕೊಂಡಾರು ಎಂದು ಸುಮ್ಮನಿರಬೇಡ.

ನಿನ್ನ ಕೆಲಸಕ್ಕೆ ಮಾತ್ರ ಇದನ್ನು ಧಾರಾಳವಾಗಿ ಬಳಸು. ರಾತ್ರಿ ಹನ್ನೊಂದರವರೆಗೆ ಪಾಠಯೋಜನೆ ಬರೆಯುತ್ತೀಯ, ಬೆಳಗ್ಗೆ ಬಿಸಿಯೂಟದ ಲೆಕ್ಕ, ಮಧ್ಯಾಹ್ನ ಆನ್‌ಲೈನ್ ಎಂಟ್ರಿ. ಮೈಕ್ರೋಸಾಫ್ಟ್ ರಿಸರ್ಚ್‌ನವರು ಬೆಂಗಳೂರಿನ ಶಿಕ್ಷಣ ಫೌಂಡೇಶನ್ ಜೊತೆ ಸೇರಿ ‘ಶಿಕ್ಷಾ ಕೋಪೈಲಟ್’ ಎಂಬುದನ್ನು ನಮ್ಮ ರಾಜ್ಯದ ಸರ್ಕಾರಿ ಶಾಲಾ ಶಿಕ್ಷಕರ ಕೈಯಲ್ಲೇ ಪ್ರಯೋಗ ಮಾಡಿದರು. ಗಂಟೆಗಟ್ಟಲೆ ಹಿಡಿಯುತ್ತಿದ್ದ ಪಾಠಯೋಜನೆಯ ಕರಡು ನಿಮಿಷಗಳಲ್ಲಿ ಬರುತ್ತದೆ, ಅದನ್ನು ತಿದ್ದುವುದು ಶಿಕ್ಷಕರ ಕೆಲಸ. ಅಂಥದ್ದು ಸಿಕ್ಕರೆ ತೆಗೆದುಕೋ. ಉಳಿದ ಒಂದು ಗಂಟೆ ಮಕ್ಕಳ ಹತ್ತಿರ ಕೂರು, ಇಲ್ಲವೇ ನಿದ್ದೆ ಮಾಡು. ನಿನ್ನ ಕಣ್ಣ ಕೆಳಗಿನ ಕಪ್ಪು ವಿಡಿಯೊ ಕಾಲ್‌ನಲ್ಲೂ ಕಾಣುತ್ತದೆ.

ಹಾಗಾದರೆ ಪೆಟ್ಟಿಗೆ ಒಡೆಯುವುದೋ ಬೇಡವೋ ಎಂದರೆ, ಒಡೆ. ಇಪ್ಪತ್ತು ಟ್ಯಾಬು, ನಲವತ್ತು ಮಕ್ಕಳು, ಇಬ್ಬಿಬ್ಬರಿಗೆ ಒಂದು; ಅದು ಒಳ್ಳೆಯದೇ, ಒಬ್ಬರಿಗೊಬ್ಬರು ಮಾತಾಡುತ್ತಾರೆ. ಮೊದಲು ನೀನೇ ಒಂದು ವಾರ ದಡ್ಡ ಹುಡುಗಿಯಾಗಿ ಅದರ ಮುಂದೆ ಕೂರು, ಬೇಕೆಂದೇ ತಪ್ಪು ಉತ್ತರ ಹೇಳು, ಅದು ಏನು ಮಾಡುತ್ತದೆ ನೋಡು. ಸೀದಾ ಉತ್ತರ ಸುರಿದರೆ ಸುಳಿವು ಮಾತ್ರ ಕೊಡುವ ಹಾಗೆ ಬದಲಿಸಲು ಬರುತ್ತದೆಯೇ ಎಂದು ಕೊಟ್ಟವರನ್ನು ಕೇಳು. ಮಕ್ಕಳ ಕೈಗೆ ಕೊಡುವ ದಿನ ಒಂದೇ ಒಂದು ನಿಯಮ ಮಾಡು: ಟ್ಯಾಬು ಮುಟ್ಟುವ ಮುಂಚೆ ತಮಗೆ ತೋಚಿದ್ದನ್ನು ನೋಟ್‌ಬುಕ್‌ನಲ್ಲಿ ಪೆನ್ನಿನಲ್ಲಿ ಬರೆಯಬೇಕು, ತಪ್ಪಿದ್ದರೂ ಅಳಿಸುವಂತಿಲ್ಲ. ನನ್ನ ಮಗಳಿಗೂ ಈಗ ಅದೇ ನಿಯಮ. ಮೊದಲ ವಾರ ಮುಖ ಊದಿಸಿಕೊಂಡಳು, ಈಗ ತನ್ನ ತಪ್ಪು ತಾನೇ ಹುಡುಕಿ ‘ಇಲ್ಲೇ ಅಮ್ಮಾ ಸಿಕ್ಕಿಬಿದ್ದದ್ದು’ ಎಂದು ತೋರಿಸಲು ಬರುತ್ತಾಳೆ. ನಿನ್ನೆ ಬರೆಯುತ್ತಾ ಬರೆಯುತ್ತಾ ಚಿಕ್ಕಿ ಯಾವಾಗ ಬರ್ತಾಳೆ ಎಂದು ಕೇಳಿದಳು.

ಚೌತಿಗೆ ರಜೆ ಸಿಗುತ್ತದೆಯೇ ಬರೆ. ಬರುವಾಗ ಮಕ್ಕಳನ್ನು ಕೇಳಿ ನಾಲ್ಕು ನೋಟ್‌ಬುಕ್ ತಾ, ತಪ್ಪು ಉತ್ತರಗಳು ಹಾಗೇ ಇರುವಂಥವು. ಜಗುಲಿಯಲ್ಲಿ ಕೂತು ಇಬ್ಬರೂ ನೋಡೋಣ.

ಇಂತು ನಿನ್ನ
ಅಕ್ಕ